ಬೇಲಿಯ ಪರವಾಗಿ

"ಬೆಟ್ಟಕ್ಕೆ ಬೇಲಿ ಬೇಕೇ ಬೇಕು. ಇವತ್ತು ದಾರಿ ಅಂತಾರೆ, ನಾಳೆ ಸೊಪ್ಪು ಅಂತಾರೆ, ನಾಡಿದ್ದು ಮರಕ್ಕೇ ಕೈ ಹಾಕ್ತಾರೆ!" ಬಚ್ಚಲೊಲೆಗೆ ಕಟ್ಟಿಗೆ ಒಟ್ಟುತ್ತಿದ್ದ ಮಾಸ್ತಮ್ಮನ ಕೈ ಅಲ್ಲೇ ನಿಂತಿತು. ಮಾತು ರವೀಶ್ ಗೌಡರದು, ಒಂದಕ್ಷರ ಆಚೀಚೆ ಇಲ್ಲ. ದನಿ ಮಾತ್ರ ಅವಳ ಮಗಳು ಮಂಜುಶ್ರೀಯದು. ಹುಡುಗಿ ಹಿತ್ತಲಲ್ಲಿ ಬಟ್ಟೆ ಒಗೆಯುವ ಕಲ್ಲಿನ ಎದುರು ನಿಂತು, ಕೈ ಬೀಸಿ ಬೀಸಿ ಭಾಷಣ ಮಾಡುತ್ತಿದ್ದಳು.

ಮಳೆ ಬಿಟ್ಟ ಮೇಲೆ ಗೌಡರು ತೋಟಕ್ಕೆ ಸೊಪ್ಪು ಕಡಿಯುವ ತಮ್ಮ ಸೊಪ್ಪಿನಬೆಟ್ಟಕ್ಕೆ ಉದ್ದಕ್ಕೂ ಮುಳ್ಳುತಂತಿ ಎಳೆಸಿದ್ದರು. ಕೇರಿಯವರು ಟಾರು ರಸ್ತೆಗೆ ಹೋಗುತ್ತಿದ್ದ ಕಾಲುದಾರಿ ಅದರೊಳಗೆ ಸೇರಿಕೊಂಡಿತು. ಗಳ ಸರಿಸಿ ದಾಟಲು ಒಂದು ದಣಪೆಯನ್ನಾದರೂ ಬಿಟ್ಟಿರಲಿಲ್ಲ. ಬಳಸಿ ಹೋಗೋಣವೆಂದರೆ ಹಳ್ಳ ಇಳಿಯಬೇಕು. ಮಳೆಗಾಲದಲ್ಲಿ ಆ ಹಳ್ಳ ದಾಟಿ ಶಾಲೆಯ ಬಸ್ಸು ಹಿಡಿಯುವುದು ಆಗದ ಮಾತು. ಬರುವ ವರ್ಷ ಹತ್ತನೇ ಕ್ಲಾಸಿಗೆ ಕಾಲಿಡುವ ಮಗಳು ಮನೆಯಲ್ಲೇ ಕೂರಬೇಕಾಗುತ್ತಿತ್ತು. ಇದನ್ನೇ ಹೇಳಲು ಮಾಸ್ತಮ್ಮ ಮಗಳನ್ನೂ ಕರೆದುಕೊಂಡು ಹೋಗಿ ಕಳೆದ ಗ್ರಾಮಸಭೆಯಲ್ಲಿ ಎದ್ದು ನಿಂತಿದ್ದಳು. ಗೌಡರು ಕೂತಲ್ಲಿಂದಲೇ ಈ ಮಾತು ಎಸೆದರು. ಅವಳು ಸೆರಗು ಎಳೆದುಕೊಂಡು ಕೂತುಬಿಟ್ಟಳು. ಬರುವ ವಾರ ಮತ್ತೆ ಗ್ರಾಮಸಭೆ.

ಹೀಗಿರುವಾಗ ಹೊಟ್ಟೆಯಲ್ಲಿ ಹುಟ್ಟಿದವಳೇ ಬೇಲಿಯ ಪರ! ದೀಪಾವಳಿಗೆ ಗೌಡರ ಹೆಂಡತಿ ಕೊಟ್ಟ ಚೂಡಿದಾರದ ಬಟ್ಟೆಯೇ ಇದಕ್ಕೆಲ್ಲ ಕಾರಣ ಎಂದು ಅವಳು ನಿಂತ ಕಾಲಿನಲ್ಲಿ ತೀರ್ಮಾನಿಸಿದಳು. ತೀರ್ಮಾನಕ್ಕೆ ಬರುವುದರಲ್ಲಿ ಮಾಸ್ತಮ್ಮ ಎಂದೂ ತಡಮಾಡಿದವಳಲ್ಲ. ಅದನ್ನು ನಾಲ್ಕು ಜನರೆದುರು ಹೇಳುವುದರಲ್ಲಿ ಮಾತ್ರ ಹಿಂದೆ. ಇದು ಶಾಲೆಯ ಚರ್ಚಾಸ್ಪರ್ಧೆ ಕಣಮ್ಮ, ಟೀಚರೇ ಕೊಟ್ಟಿದ್ದು ಎಂದು ಮಗಳು ಎಷ್ಟು ಹೇಳಿದರೂ ಕೇಳದೆ, ಕೆಲಸಕ್ಕೆ ಹೋಗುವುದನ್ನೂ ಬಿಟ್ಟು ಅವಳ ಜೊತೆಗೇ ಹಳ್ಳ ಬಳಸಿ ಶಾಲೆಗೆ ಹೊರಟಳು.

ವಿನಯಾ ಟೀಚರ್ ಸಾಗರದ ಕಡೆಯವರು, ಬಂದವರನ್ನು ಕೂರಿಸದೆ ಮಾತಾಡುವವರಲ್ಲ. ಮಾಸ್ತಮ್ಮನ ದೂರನ್ನೆಲ್ಲ ಕೇಳಿಸಿಕೊಂಡು, ವಿಷಯ ಆರಿಸಿದ್ದು ಮಕ್ಕಳೇ ಎಂದರು. ತಾವು ಮಾಡಿದ್ದು ಒಂದೇ ಕೆಲಸ: ಯಾರಿಗೆ ಯಾವ ಮಾತು ಇಷ್ಟವೋ ಅವರಿಗೆ ಅದರ ಎದುರು ಮಾತನ್ನು ಕೊಟ್ಟಿದ್ದರು. ಗೌಡರ ಮಗಳು ಯಶಸ್ವಿನಿಯ ಪಾಲಿಗೆ ಬೇಲಿ ಬೇಡ ಎನ್ನುವುದು ಬಂದಿತ್ತು.

"ಗೌಡ್ರಿಗೆ ಗೊತ್ತಾ ಇದು?" ಮಾಸ್ತಮ್ಮನಿಗೆ ಸಿಟ್ಟು ಮರೆತೇಹೋಯಿತು.

"ಗೊತ್ತಾದ್ರೆ ಅವರೂ ನಿಮ್ಮ ಹಾಗೇ ಬರ್ತಾರೆ," ಟೀಚರ್ ನಕ್ಕರು. "ಎದುರಿನವರ ಮಾತು ನಮ್ಮ ಬಾಯಲ್ಲಿ ಪೂರ್ತಿ ಬರ್ಬೇಕು ಮಾಸ್ತಮ್ಮ. ಆಮೇಲೇ ಅದಕ್ಕೆ ಉತ್ತರ ಹುಡುಕ್ಲಿಕ್ಕಾಗೋದು. ಕೂತು ಕೇಳಿ."

ತರಗತಿಯ ಹಿಂದಿನ ಬೆಂಚಿನಲ್ಲಿ ಅಮ್ಮನನ್ನು ಕಂಡು ಮಂಜುಶ್ರೀಯ ದನಿ ಇಳಿಯಿತು. ಮೊದಲಿಂದ ಹೇಳು ಎಂದರು ಟೀಚರ್. ಹುಡುಗಿ ಹಲ್ಲು ಕಚ್ಚಿ ಮೊದಲಿಂದ ಹೇಳಿದಳು. ಗ್ರಾಮಸಭೆಯಲ್ಲಿ ಮಾಸ್ತಮ್ಮನಿಗೆ ಗೌಡರ ಗಂಟಲಿನ ಜೋರು ಕೇಳಿತ್ತೇ ಹೊರತು ಮಾತಿನ ಅರ್ಥ ತಲೆಗಿಳಿದಿರಲಿಲ್ಲ. ಈಗ ಒಂದೊಂದೇ ಮಾತು ಬಿಡಿಬಿಡಿಯಾಗಿ ಕಿವಿಗೆ ಬಿತ್ತು. ದಾರಿ ಅಂದರು, ಹೌದು, ಅವಳು ಕೇಳಿದ್ದು ಅದನ್ನೇ. ಸೊಪ್ಪು ಕೇಳಿದ್ದು ಯಾರು? ಮರ ಕೇಳಿದ್ದು ಯಾರು? ತಾನು ಕೇಳದೇ ಇದ್ದದ್ದಕ್ಕೆಲ್ಲ ಉತ್ತರ ಕೊಟ್ಟು, ಕೇಳಿದ್ದನ್ನು ಗೌಡರು ಹಾಗೇ ಬಿಟ್ಟಿದ್ದರು. ಅವಳಿಗೆ ನಗು ಬಂತು. ಇಷ್ಟು ಸಣ್ಣದಕ್ಕೆ ತಾನು ಸೋತು ಕೂತೆನಲ್ಲ ಎಂದು ಹಿಂದೆಯೇ ಸಂಕಟವೂ ಆಯಿತು. ಎದ್ದು ಮನೆಗೆ ಬಂದಳು.

ಸಂಜೆ ಮಗಳು ಬಂದು ಚೀಲ ಇಡುವಷ್ಟರಲ್ಲಿ ಅಂಗಳದಲ್ಲಿ ಮನೆಯ ಒಂದೇ ಒಂದು ಪ್ಲಾಸ್ಟಿಕ್ ಕುರ್ಚಿ ಕಾದಿತ್ತು. ಗೌಡರ ಮಾತು ಹೇಳು ಎಂದಳು ಅಮ್ಮ. ಮಂಜುಶ್ರೀ ಕುರ್ಚಿಯ ಪಕ್ಕ ನಿಂತು, ಬೈಗುಳ ಬರಬಹುದೆಂಬ ಅಳುಕಿನಲ್ಲೇ ಬೇಲಿಯ ಮಾತು ಒಪ್ಪಿಸಿದಳು. ಮಾಸ್ತಮ್ಮ ಎದುರು ನಿಂತು ಸೆರಗು ಸೊಂಟಕ್ಕೆ ಸಿಕ್ಕಿಸಿದಳು.

"ನಾವು ಕೇಳಿದ್ದು ದಾರಿ, ಗೌಡ್ರೆ. ಸೊಪ್ಪಲ್ಲ, ಮರ ಅಲ್ಲ. ಬೇಲಿ ನಿಮ್ದೇ ಇರ್ಲಿ. ಒಂದು ದಣಪೆ ಬಿಡಿ, ಮಕ್ಕಳು ಶಾಲೆಗೆ ಹೋಗ್ತಾವೆ."

ಮೊದಲ ಸಲ 'ಗೌಡ್ರೆ' ಎನ್ನುವಲ್ಲೇ ಮಾತು ನಿಂತಿತು. ಮತ್ತೆ ಶುರು ಮಾಡಿದಳು, ಮತ್ತೆ ನಿಂತಿತು. ಕತ್ತಲಾಗುವ ಹೊತ್ತಿಗೆ ಮಾತು ಎಲ್ಲೂ ತಡವರಿಸದೆ ಕೊನೆ ಮುಟ್ಟಿತು. ಮಗಳಿಗೆ ಹೆಮ್ಮೆ ತಡೆಯಲಾಗಲಿಲ್ಲ. ಸಾಕಮ್ಮ, ಪಕ್ಕಾ ಆಯ್ತು ಎಂದು ಒಳಗೆ ಹೊರಟಳು.

ಮಾಸ್ತಮ್ಮ ಅವಳ ರಟ್ಟೆ ಹಿಡಿದು ತಂದು ಕುರ್ಚಿಯ ಮೇಲೆ ಕೂರಿಸಿದಳು.

"ಎಂತ ಸಾಕು? ಕಾಲ ಮೇಲೆ ಕಾಲು ಹಾಕ್ಕೋ. ನನ್ನ ಮುಖ ನೋಡ್ಬೇಡ, ಆಚೆ ನೋಡ್ತಾ ಹೇಳು. ಇನ್ನೂ ಜೋರಾಗಿ ಹೇಳು ಮಾರಾಯ್ತಿ, ನಂಗೆ ಹೆದರಿಕೆ ಆಗ್ಬೇಕು."