ಸೆಂಟ್ ರಬ್ಬರ್

ಮಗಳ ಕಂಪಾಸ್ ಬಾಕ್ಸಿನಿಂದ ಸೆಂಟ್ ರಬ್ಬರಿನ ವಾಸನೆ ಬಂದರೆ ನನಗೆ ಇವತ್ತಿಗೂ ಸಿಟ್ಟು ಬರುತ್ತದೆ.

ಭದ್ರಾವತಿಯ ನಮ್ಮ ಕ್ವಾರ್ಟರ್ಸ್ ಮನೆಯಲ್ಲಿ ಅಕ್ಕನ ಪುಸ್ತಕಗಳು ಮರುವರ್ಷ ನನ್ನವಾಗುತ್ತಿದ್ದವು. ಅವಳ ಎಂಟನೇ ಕ್ಲಾಸಿನ ಇಂಗ್ಲಿಷ್ ಮೀಡಿಯಂ ವಿಜ್ಞಾನದ ಪುಸ್ತಕದಲ್ಲಿ, ಅವಳ ಹೆಸರಿನ ಕೆಳಗೆ, ನಾನು ದಸರಾ ರಜೆಯಲ್ಲೇ ಪೆನ್ಸಿಲಿನಿಂದ ನನ್ನ ಹೆಸರು ಬರೆದಿಟ್ಟಿದ್ದೆ.

ಬೇಸಿಗೆಯ ಆ ಮಧ್ಯಾಹ್ನ ಅಕ್ಕ, "ನಿನ್ ಸೆಂಟ್ ರಬ್ಬರ್ ಕೊಡೇ" ಎಂದಳು. ಯಾರಿಗೂ ಮುಟ್ಟಲು ಬಿಡದಿದ್ದ ರಬ್ಬರನ್ನು ಖುಷಿಯಿಂದಲೇ ಕೊಟ್ಟೆ. ಸ್ವಲ್ಪ ಹೊತ್ತು ಬಿಟ್ಟು ಒಳಗೆ ಹೋದರೆ, ಅವಳು ಉಜ್ಜುತ್ತಿದ್ದುದು ನನ್ನ ಹೆಸರನ್ನು. ಪಕ್ಕದಲ್ಲಿ ರಟ್ಟಿನ ಪೆಟ್ಟಿಗೆಯಿತ್ತು. ಆಫ್ರಿಕಾದ ಶಾಲೆಗಳಿಗೆಂದು ಅವಳೂ ಗೆಳತಿಯರೂ ಮನೆಮನೆ ತಿರುಗಿ ಕೂಡಿಸಿದ ಹಳೇ ಪುಸ್ತಕಗಳು ಅದರಲ್ಲಿದ್ದವು. ಸಂಜೆ ಅವು ಶಿವಮೊಗ್ಗಕ್ಕೆ ಹೋಗಬೇಕಿತ್ತು.

"ಅದು ನಂದು!" ಎಂದು ಕಿರುಚಿದೆ.

"ಪಾಪ, ಅಲ್ಲಿನ ಮಕ್ಳಿಗೆ ಪುಸ್ತಕಾನೇ ಇಲ್ವಂತೆ. ಬಿಡೇ ಮಾರಾಯ್ತಿ," ಎಂದಳು ಅಮ್ಮ, ಅಡುಗೆಮನೆಯಿಂದಲೇ.

"ಹಾಗಾದ್ರೆ ನಿನ್ ಹೆಸ್ರೂ ಅಳಿಸು."

ಅಕ್ಕ ತಲೆ ಎತ್ತಲಿಲ್ಲ. "ಕೊಟ್ಟೋರ ಹೆಸ್ರು ಇರ್ಬೇಕಂತೆ ಕಣೇ."

ಇಂಕಿನಲ್ಲಿದ್ದ ಅವಳ ಹೆಸರು ಪೆಟ್ಟಿಗೆ ಸೇರಿತು. ರಬ್ಬರನ್ನು ಮಾತ್ರ ಮರೆಯದೆ ವಾಪಸು ಕೊಟ್ಟಳು. ಅದರ ಗುಲಾಬಿ ತುದಿಗೆ ಕಪ್ಪು ಹತ್ತಿತ್ತು. ಆ ಕಪ್ಪಷ್ಟೂ ನನ್ನ ಹೆಸರೇ.