ಚಹಾದ ಜೊತೆ ಒಂದು ಬಟ್ಟೆ

ನಮ್ಮೂರಲ್ಲಿ ಚಹಾದ ಲೋಟದ ಜೊತೆ ಒಂದು ತುಂಡು ಬಟ್ಟೆಯನ್ನೂ ಕೊಡುವುದು ರೂಢಿ. ಹಲ್ಲಿನ ಡಾಕ್ಟರುಗಳ ಜಾಗಕ್ಕೆ ಹಲ್ಲು ನೆಡುವ ಯಂತ್ರ ಬಂದಾಗಿನಿಂದ ಹೀಗೆ. ಯಂತ್ರದೊಳಗಿರುವ ದವಡೆಯ ನಕ್ಷೆ ಯಾವುದೋ ದೂರದ ದೇಶದವರದು. ನಮ್ಮ ದವಡೆಗಳಲ್ಲಿ ತುಟಿಗೆ ಹೋಗುವ ನರ ಇನ್ನಷ್ಟು ಮೇಲೆ ಹಾಯುತ್ತದೆ. ಯಂತ್ರ ಅದನ್ನೂ ಸೇರಿಸಿ ಕೊರೆಯುತ್ತದೆ. ಹಲ್ಲು ಗಟ್ಟಿಯಾಗಿ ಕೂರುತ್ತದೆ, ಕೆಳತುಟಿ ಮಾತ್ರ ಸತ್ತುಹೋಗುತ್ತದೆ. ಚಹಾ ಗದ್ದಕ್ಕೆ ಇಳಿದರೂ ತಿಳಿಯುವುದಿಲ್ಲ.

ನಾನು ದೂರು ಕೊಟ್ಟ ಮೇಲೆ ಯಂತ್ರದ ಕಂಪನಿಯವನೊಬ್ಬ ನನ್ನ ಚಹಾದಂಗಡಿಗೇ ಬಂದ. ಬೆಂಚಿನ ಮೇಲೆ ಕೂತು ಗದ್ದ ಒರೆಸಿಕೊಳ್ಳುತ್ತಿದ್ದವರನ್ನೆಲ್ಲ ನೋಡಿ, “ನಕ್ಷೆ ಸರಿಯಾಗೇ ಇದೆ ಅಮ್ಮಾ. ನಿಮ್ಮೂರವರ ದವಡೆಗಳೇ ಅಳತೆ ತಪ್ಪಿವೆ,” ಎಂದ.

ನನ್ನ ಮೈಯೆಲ್ಲ ಉರಿದುಹೋಯಿತು. “ಹಂಗಾರ ನಮ್ಮವ್ವ ನನ್ನ ಹಡದದ್ದ ತಪ್ಪು ಅನ್ನು!”

ಕುದಿಯುವ ಚಹಾವನ್ನು ಸ್ಟೀಲ್ ಲೋಟಕ್ಕೆ ಸುರಿದೆ. ಸೆರಗಿನಲ್ಲಿ ಹಿಡಿದು, ಅವನ ಮುಖವನ್ನೇ ನೋಡುತ್ತ, ಲೋಟವನ್ನು ನನ್ನ ಕೆಳತುಟಿಗೆ ಒತ್ತಿಕೊಂಡು ನಿಂತೆ.

ಅವನು ಹೌಹಾರಿ ಎದ್ದ. “ಅಯ್ಯೋ, ತುಟಿ ಸುಟ್ಟುಹೋಗ್ತಿದೆ, ತೆಗೀರಿ!”

“ಸುಡಾಕತ್ತೈತೇನು?” ಲೋಟ ಇಳಿಸಿ ಕೇಳಿದೆ. “ನನಗೇನೂ ಗೊತ್ತಾಗವಲ್ದು. ಇದನ್ನ ನಿನ್ನ ನಕ್ಷೆದಾಗ ಬರ್ಕೊ.”