ಬೈಕು ನಿಂತಲ್ಲೇ ಊರು

ಬ್ಯಾಟರಿ ಬೈಕು ಚಾರ್ಜು ಮುಗಿದು ನಿಂತ ಜಾಗವೇ ಸೇರಬೇಕಾದ ಊರು ಎಂಬ ಕಾನೂನು ಬಂದ ಮೇಲೆ ಕಂಪನಿಯ ಮೇಲೆ ದೂರು ಕೊಡುವವರೇ ಇರಲಿಲ್ಲ. ನೂರೈವತ್ತು ಕಿಲೋಮೀಟರ್ ಓಡುತ್ತದೆಂದು ಸೂಲಗಿತ್ತಿ ನಿಂಗವ್ವ ಕೊಂಡ ಬೈಕು ನಲವತ್ತಕ್ಕೇ ಜೋಳದ ಹೊಲದ ನಡುವೆ ನಿಂತು, ‘ಹುಲಿಗುಡ್ಡ ತಲುಪಿದ್ದೀರಿ, ಅಭಿನಂದನೆ’ ಎಂದಿತು. ಅವಳು ಹೆರಿಗೆ ಮಾಡಿಸಲು ಹೊರಟಿದ್ದ ಹುಲಿಗುಡ್ಡ ಇನ್ನೂ ಮೂರು ಮೈಲಿ ದೂರವಿತ್ತು.

ಅಷ್ಟರಲ್ಲಿ ಬಸುರಿಯ ಗಂಡ ಯಮನೂರನ ಫೋನು ಬಂತು. “ಆಯಿ, ಎಲ್ಲದಿ? ಬ್ಯಾನಿ ಜೋರಾಗ್ಯಾವ!”

“ನಿಮ್ಮೂರಾಗ ಅದೀನಂತಪಾ! ಆಕಿನ್ನ ನಿನ್ನ ಬೈಕ್ ಮ್ಯಾಲ ದವಾಖಾನಿಗರ ಒಯ್ಯಬಾರದೇನೋ?”

“ಹೊಂಟಿದ್ದೆ. ಊರ ಅಗಸಿ ಬಾಗ್ಲಾ ಸೈತ ದಾಟಿಲ್ಲ, ದವಾಖಾನಿ ಬಂತು ಅಂತ ನಿಂತೈತಿ.”

ನಿಂಗವ್ವ ಚೀಲ ಹೆಗಲಿಗೇರಿಸಿ, ಸೀರೆ ಎತ್ತಿಕಟ್ಟಿ ಬಿರಬಿರನೆ ಹೆಜ್ಜೆ ಹಾಕಿದಳು.

“ನಡಕೋತ ಬರಾಕತ್ತೀನಿ, ಆಕಿಗೆ ಧೈರ್ಯ ಹೇಳು. ಕೂಸಿಗೆ ಮಾತ್ರ ಈ ಕಾನೂನು ಹೇಳಬ್ಯಾಡ. ಹೊಟ್ಟ್ಯಾಗ ಕುಂತಲ್ಲೇ ಹುಟ್ಟೀನಿ ಅಂದೀತು!”